ಓದುಗರ ಪ್ರಶ್ನೆಗೆ ಉತ್ತರ: ಐರ್ಲೆಂಡಿನ 2025ರ ಗೇಲಿಕ್ ಫುಟ್‌ಬಾಲ್ ಋತು

ಐರ್ಲೆಂಡಿನ ಅಖಿಲ ಐರ್ಲೆಂಡ್ ಸೀನಿಯರ್ ಫುಟ್‌ಬಾಲ್ ಚಾಂಪಿಯನ್‌ಷಿಪ್‌ನ 2025ರ ಋತುವನ್ನು ಕುರಿತು ಬಂದ ಪತ್ರಗಳ ಸಂಖ್ಯೆ ನಮ್ಮ ನಿರೀಕ್ಷೆಯನ್ನು ಮೀರಿದ್ದರಿಂದ ಈ ಬಾರಿಯ ಅಂಕಣವನ್ನು ಅದೊಂದಕ್ಕೇ ಮೀಸಲಿಟ್ಟಿದ್ದೇವೆ. ಪತ್ರ ಬರೆದವರಲ್ಲಿ ಡಬ್ಲಿನ್, ಕಾರ್ಕ್, ಗಾಲ್ವೇಗಳಲ್ಲಿ ನೆಲೆಸಿರುವ ಕನ್ನಡಿಗರು ಹೆಚ್ಚು. ಇಲ್ಲಿಂದಲೇ ಪಂದ್ಯಗಳನ್ನು ನೋಡಿ ಕುತೂಹಲಗೊಂಡವರೂ ಇದ್ದಾರೆ. ಪ್ರಶ್ನೆಗಳನ್ನು ಸಂಕ್ಷೇಪಿಸಿ ಕೊಟ್ಟಿದ್ದೇವೆ.

ಪ್ರಶ್ನೆ: ಫೈನಲ್‌ನಲ್ಲಿ ಕೆರಿ ತಂಡವು ಡೊನೆಗಾಲ್ ತಂಡವನ್ನು 1-26, 0-19ರಿಂದ ಸೋಲಿಸಿತು ಎಂದು ಓದಿದೆ. ಈ ಲೆಕ್ಕವನ್ನು ಹೇಗೆ ಓದಬೇಕು? ಇದು ಫುಟ್‌ಬಾಲೋ ರಗ್ಬಿಯೋ? (ಬೆಂಗಳೂರಿನ ಓದುಗರು)

ಉತ್ತರ: ಎರಡೂ ಅಲ್ಲ. ಗೇಲಿಕ್ ಫುಟ್‌ಬಾಲ್‌ನಲ್ಲಿ ಒಂದೊಂದು ತಂಡಕ್ಕೆ 15 ಆಟಗಾರರು. ಚೆಂಡು ದುಂಡಗಿನದು, ಅದನ್ನು ಕೈಯಲ್ಲಿ ಹಿಡಿಯಬಹುದು, ಒದೆಯಬಹುದು, ಮುಷ್ಟಿಯಿಂದ ಅಥವಾ ಅಂಗೈಯಿಂದ ಹೊಡೆದು ಜೊತೆಗಾರನಿಗೆ ದಾಟಿಸಬಹುದು, ಆದರೆ ಎಸೆಯುವಂತಿಲ್ಲ. ಚೆಂಡನ್ನು ಹಿಡಿದು ನಾಲ್ಕು ಹೆಜ್ಜೆ ಹಾಕಿದ ಮೇಲೆ ಅದನ್ನು ನೆಲಕ್ಕೆ ಪುಟಿಸಬೇಕು, ಇಲ್ಲವೇ ಕಾಲ್ಬೆರಳಿನಿಂದ ಮೇಲಕ್ಕೆ ಚಿಮ್ಮಿಸಿ ಮತ್ತೆ ಕೈಗೆ ತೆಗೆದುಕೊಳ್ಳಬೇಕು. ಈ ಚಿಮ್ಮಿಸುವಿಕೆಗೆ ಅಲ್ಲಿ ಸೋಲೋ ಎನ್ನುತ್ತಾರೆ. ಸತತವಾಗಿ ಎರಡು ಬಾರಿ ಪುಟಿಸುವುದು ತಪ್ಪು. ಗೋಲುಕಂಬಗಳು ಇಂಗ್ಲಿಷಿನ ಎಚ್ ಅಕ್ಷರದ ಆಕಾರದಲ್ಲಿರುತ್ತವೆ. ಅಡ್ಡಪಟ್ಟಿಯ ಕೆಳಗೆ ಬಲೆಯೊಳಕ್ಕೆ ಹೋದರೆ ಗೋಲು, ಅದಕ್ಕೆ ಮೂರು ಅಂಕ. ಪಟ್ಟಿಯ ಮೇಲೆ, ಎರಡು ಕಂಬಗಳ ನಡುವೆ ಹಾದುಹೋದರೆ ಪಾಯಿಂಟ್, ಅದಕ್ಕೆ ಒಂದು ಅಂಕ.

ಲೆಕ್ಕದಲ್ಲಿ ಮೊದಲ ಅಂಕಿ ಗೋಲುಗಳದ್ದು, ಎರಡನೆಯದು ಪಾಯಿಂಟ್‌ಗಳದ್ದು. ಹಾಗಾಗಿ ಕೆರಿಯ 1-26 ಎಂದರೆ ಮೂರಕ್ಕೆ ಇಪ್ಪತ್ತಾರು ಸೇರಿ 29, ಡೊನೆಗಾಲ್‌ನ 0-19 ಎಂದರೆ 19. ಅಂತರ ಹತ್ತು ಅಂಕಗಳದು. 2025ರಿಂದ ಇದರಲ್ಲಿ ಒಂದು ಹೊಸ ತೊಡಕು ಸೇರಿದೆ: 40 ಮೀಟರಿನ ಕಮಾನುಗೆರೆಯ ಮೇಲಿಂದ ಅಥವಾ ಅದರ ಆಚೆಯಿಂದ ಒದ್ದು ಪಟ್ಟಿಯ ಮೇಲೆ ದಾಟಿಸಿದರೆ ಎರಡು ಅಂಕ, ಮತ್ತು ಆ ಎರಡೂ ಲೆಕ್ಕದ ಎರಡನೆಯ ಅಂಕಿಯೊಳಗೇ ಸೇರುತ್ತವೆ. ಆದ್ದರಿಂದ 26 ಎಂದು ಕಂಡಾಗ ಚೆಂಡು 26 ಸಲ ಪಟ್ಟಿ ದಾಟಿತು ಎಂದು ತಿಳಿಯಬಾರದು. ಮೈದಾನದಲ್ಲಿದ್ದವರಿಗೆ ಈ ಗೊಂದಲವಿಲ್ಲ. ಕಂಬಗಳ ಬಳಿ ಬಿಳಿ ಕೋಟು ತೊಟ್ಟು ನಿಂತಿರುವ ಅಂಪೈರ್‌ಗಳು ಪಾಯಿಂಟ್‌ಗೆ ಬಿಳಿ, ಗೋಲಿಗೆ ಹಸಿರು, ಎರಡು ಅಂಕದ ಹೊಡೆತಕ್ಕೆ ಕಿತ್ತಳೆ ಬಣ್ಣದ ಬಾವುಟ ಬೀಸುತ್ತಾರೆ.

ಪ್ರಶ್ನೆ: ನನ್ನ ಐರಿಷ್ ಸಹೋದ್ಯೋಗಿಗಳು 2025ರಲ್ಲಿ ಆಟವೇ ಬದಲಾಗಿಹೋಯಿತು ಎನ್ನುತ್ತಾರೆ. ನಿಯಮಗಳನ್ನು ಅಷ್ಟೊಂದು ಬದಲಿಸುವ ಅಗತ್ಯವೇನಿತ್ತು? (ಡಬ್ಲಿನ್‌ನ ಓದುಗರು)

ಉತ್ತರ: ನಿಮ್ಮ ಸಹೋದ್ಯೋಗಿಗಳ ಮಾತಿನಲ್ಲಿ ಉತ್ಪ್ರೇಕ್ಷೆ ಕಡಿಮೆ. ಕಾರಣ ತಿಳಿಯಬೇಕಾದರೆ 2011ರ ಒಂದು ಸೆಮಿಫೈನಲ್‌ಗೆ ಹೋಗಬೇಕು. ಅಂದು ಡಬ್ಲಿನ್ ತಂಡವು ಡೊನೆಗಾಲ್ ತಂಡವನ್ನು 0-8, 0-6ರಿಂದ ಸೋಲಿಸಿತು. ಎಪ್ಪತ್ತು ನಿಮಿಷಗಳ ಆಟದಲ್ಲಿ ಎರಡೂ ತಂಡಗಳು ಸೇರಿ ಗಳಿಸಿದ್ದು ಹದಿನಾಲ್ಕೇ ಅಂಕ. ಡೊನೆಗಾಲ್‌ನ ತರಬೇತುದಾರ ಜಿಮ್ ಮಗಿನಿಸ್ ತಮ್ಮ ಬಹುಪಾಲು ಆಟಗಾರರನ್ನು ತಮ್ಮದೇ ಗೋಲಿನ ಮುಂದೆ ಗೋಡೆಯಂತೆ ನಿಲ್ಲಿಸಿದ್ದರು. ಅಂದು ಸೋತರೂ ಮರುವರ್ಷ ಅದೇ ತಂಡ, ಅದೇ ವಿಧಾನವನ್ನು ಇನ್ನಷ್ಟು ಹರಿತಗೊಳಿಸಿಕೊಂಡು ಪ್ರಶಸ್ತಿ ಗೆದ್ದಿತು. ಗೆದ್ದ ವಿಧಾನವನ್ನು ಉಳಿದವರು ಅನುಕರಿಸದೆ ಬಿಡುವುದಿಲ್ಲ. ನಂತರದ ವರ್ಷಗಳಲ್ಲಿ ಆಟವೆಂದರೆ ಒಂದು ತಂಡ ಹಿಂದೆ ಸರಿದು ಕಾಯುವುದು, ಇನ್ನೊಂದು ತಂಡ ಮುಷ್ಟಿಯಿಂದ ಚೆಂಡನ್ನು ಅಡ್ಡಡ್ಡ ದಾಟಿಸುತ್ತ ಸಂದು ಹುಡುಕುವುದು, ಗೋಲಿಯೂ (ಗೋಲು ಕಾಯುವ ಆಟಗಾರ) ಮುಂದಕ್ಕೆ ಬಂದು ಹೆಚ್ಚುವರಿ ಆಟಗಾರನಂತೆ ಚೆಂಡು ಪಡೆಯುವುದು ಎಂಬಂತಾಯಿತು. ದೂರದಿಂದ ಒದೆಯುವ ಧೈರ್ಯವನ್ನು ಯಾರೂ ತೋರುತ್ತಿರಲಿಲ್ಲ, ಏಕೆಂದರೆ ತಪ್ಪಿದರೆ ಚೆಂಡು ಎದುರಾಳಿಯ ಪಾಲಾಗುತ್ತಿತ್ತು.

ಇದನ್ನು ಸರಿಪಡಿಸಲು ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್, ಅಂದರೆ ಜಿಎಎ, ಒಂದು ಪರಿಶೀಲನಾ ಸಮಿತಿಯನ್ನು ರಚಿಸಿ ಜಿಮ್ ಗ್ಯಾವಿನ್ ಅವರನ್ನು ಅಧ್ಯಕ್ಷರನ್ನಾಗಿ ನೇಮಿಸಿತು. ಡಬ್ಲಿನ್ ತಂಡಕ್ಕೆ 2015ರಿಂದ 2019ರವರೆಗೆ ಸತತ ಐದು ಪ್ರಶಸ್ತಿಗಳನ್ನು ತಂದುಕೊಟ್ಟ ತರಬೇತುದಾರ ಅವರು. (ಇದೇ ಗ್ಯಾವಿನ್ 2025ರ ಶರತ್ಕಾಲದಲ್ಲಿ ಐರ್ಲೆಂಡಿನ ರಾಷ್ಟ್ರಾಧ್ಯಕ್ಷ ಸ್ಥಾನಕ್ಕೂ ಸ್ಪರ್ಧಿಸಿ ನಡುವೆಯೇ ಹಿಂದೆ ಸರಿದರು, ನಿಯಮ ಬರೆಯುವುದರಲ್ಲಿ ದಕ್ಕಿದ ಯಶಸ್ಸು ರಾಜಕೀಯದಲ್ಲಿ ದಕ್ಕಲಿಲ್ಲ.) 2024ರ ನವೆಂಬರ್‌ನಲ್ಲಿ ವಿಶೇಷ ಅಧಿವೇಶನವು ಸಮಿತಿಯ ಪ್ರಸ್ತಾವಗಳನ್ನು ಒಂದು ವರ್ಷದ ಪ್ರಯೋಗಕ್ಕಾಗಿ ಒಪ್ಪಿತು. ಗೋಲಿಗೆ ನಾಲ್ಕು ಅಂಕ ಕೊಡಬೇಕೆಂಬ ಯೋಚನೆಯೂ ಆರಂಭದಲ್ಲಿತ್ತು. ಪರೀಕ್ಷಾ ಪಂದ್ಯಗಳ ನಂತರ ಅದನ್ನು ಕೈಬಿಡಲಾಯಿತು.

ಹೊಸ ನಿಯಮಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಸುದ್ದಿಯಾದದ್ದು ಎರಡು ಅಂಕದ ಕಮಾನುಗೆರೆಯಾದರೂ, ಆಟದ ಬೆನ್ನುಮೂಳೆಯನ್ನು ಬದಲಿಸಿದ್ದು ಬೇರೆ ಎರಡು ನಿಯಮಗಳು ಎಂಬುದು ನಮ್ಮ ಅಭಿಪ್ರಾಯ. ಮೊದಲನೆಯದು, ಪ್ರತಿಯೊಂದು ತಂಡವೂ ಗೋಲಿಯನ್ನು ಬಿಟ್ಟು ಕನಿಷ್ಠ ಮೂವರನ್ನು ತನ್ನ ಅರ್ಧದಲ್ಲೂ ಕನಿಷ್ಠ ಮೂವರನ್ನು ಎದುರಾಳಿಯ ಅರ್ಧದಲ್ಲೂ ಸದಾ ಇರಿಸಿಕೊಂಡಿರಬೇಕೆಂಬುದು. ಇದರಿಂದ ಹದಿನೈದೂ ಮಂದಿಯ ಗೋಡೆ ಕಟ್ಟುವುದು ಅಸಾಧ್ಯವಾಯಿತು. ಎರಡನೆಯದು, ಗೋಲಿಯು ಆಟವನ್ನು ಮತ್ತೆ ಆರಂಭಿಸಲು ಒದೆಯುವ ಚೆಂಡು, ಅಂದರೆ ಕಿಕ್‌ಔಟ್, 40 ಮೀಟರಿನ ಗೆರೆಯನ್ನು ದಾಟಲೇಬೇಕೆಂಬುದು. ಹಿಂದೆ ಗೋಲಿಯು ಪಕ್ಕದಲ್ಲೇ ನಿಂತ ಜೊತೆಗಾರನಿಗೆ ಮೆಲ್ಲಗೆ ಚೆಂಡು ಕೊಟ್ಟು ತಂಡಕ್ಕೆ ಉಸಿರಾಡಲು ಅವಕಾಶ ಮಾಡುತ್ತಿದ್ದ. ಈಗ ಅದು ಮೈದಾನದ ಮಧ್ಯಕ್ಕೆ ಹೋಗಬೇಕು, ಅಲ್ಲಿ ಎತ್ತರಕ್ಕೆ ನೆಗೆದು ಹಿಡಿಯುವವನಿಗೆ ಸಿಗಬೇಕು. ಒಂದು ತಂಡ ಅಂಥ ಮೂರು ನಾಲ್ಕು ಚೆಂಡುಗಳನ್ನು ಸಾಲಾಗಿ ಕಳೆದುಕೊಂಡರೆ ಪಂದ್ಯವೇ ಕೈತಪ್ಪಿ ಹೋಗುತ್ತದೆ. ಇದರ ಪರಿಣಾಮ ಮುಂದಿನ ಉತ್ತರದಲ್ಲಿ ಕಾಣುತ್ತದೆ.

ಉಳಿದವು ಚಿಕ್ಕವು, ಆದರೆ ಉಪಯುಕ್ತ. ಫೌಲ್‌ಗೆ ಒಳಗಾದ ಆಟಗಾರನು ಕಾಯದೆ ಚೆಂಡನ್ನು ಚಿಮ್ಮಿಸಿಕೊಂಡು ಮುಂದೆ ಓಡಬಹುದು. ರೆಫರಿಯೊಡನೆ ವಾದಕ್ಕಿಳಿದರೆ ಅಥವಾ ಚೆಂಡನ್ನು ಹಿಂದಿರುಗಿಸದೆ ತಡೆದರೆ ಫ್ರೀ ಕಿಕ್ 50 ಮೀಟರ್ ಮುಂದಕ್ಕೆ ಸರಿಯುತ್ತದೆ. ಗೋಲಿಯು ಜೊತೆಗಾರನಿಂದ ಚೆಂಡು ಪಡೆಯಬಹುದಾದ ಸ್ಥಳಗಳಿಗೆ ಮಿತಿ ಹಾಕಲಾಗಿದೆ. ಆಟದ ಅವಧಿ ಮುಗಿದುದನ್ನು ಹೂಟರ್ ಸಾರುತ್ತದೆ. ರೆಫರಿಯ ಮೈಮೇಲೆ ಬೀಳುತ್ತಿದ್ದ ಆಟಗಾರರು ಒಂದೇ ಋತುವಿನಲ್ಲಿ ಚೆಂಡನ್ನು ವಿನಯದಿಂದ ಎದುರಾಳಿಯ ಕೈಗಿಡುವುದನ್ನು ಕಲಿತದ್ದು ನೋಡುವಂತಿತ್ತು. 2025ರ ಅಕ್ಟೋಬರ್‌ನಲ್ಲಿ ಮತ್ತೊಂದು ವಿಶೇಷ ಅಧಿವೇಶನವು ಈ ಹೊಸ ನಿಯಮಗಳನ್ನು ಶಾಶ್ವತಗೊಳಿಸಿತು.

ಪ್ರಶ್ನೆ: ನಿಯಮ ಬದಲಾದರೂ ಕೊನೆಗೆ ಗೆದ್ದದ್ದು ಹಳೆಯ ದಿಗ್ಗಜ ಕೆರಿಯೇ. ಹಾಗಾದರೆ ಬದಲಾದದ್ದೇನು? (ಶಿವಮೊಗ್ಗದ ಓದುಗರು)

ಉತ್ತರ: ಪ್ರಶ್ನೆ ಚುರುಕಾಗಿದೆ. ಕೆರಿಗೆ ಇದು 39ನೆಯ ಪ್ರಶಸ್ತಿ. ಎರಡನೆಯ ಸ್ಥಾನದಲ್ಲಿರುವ ಡಬ್ಲಿನ್ ಬಳಿ ಇರುವುದು 31. ಪ್ರಶಸ್ತಿಯ ಕಪ್ ಸೇರಿದ ಮನೆಯನ್ನಷ್ಟೇ ನೋಡಿದರೆ ಏನೂ ಬದಲಾಗಲಿಲ್ಲ ಎನ್ನಬಹುದು. ಆದರೆ ಅದು ಸಾಗಿದ ದಾರಿಯನ್ನು ನೋಡಿದರೆ ಇಂಥ ಏರುಪೇರಿನ ಋತು ಬಹಳ ವರ್ಷಗಳಿಂದ ಬಂದಿರಲಿಲ್ಲ.

ತಂಡಗಳು ಜಿಲ್ಲೆಯಂಥ ಕೌಂಟಿಗಳವು, ಅವು ಮೊದಲು ತಮ್ಮ ಪ್ರಾಂತ್ಯದೊಳಗೆ ಸೆಣಸಿ ಬಳಿಕ ಅಖಿಲ ಐರ್ಲೆಂಡ್ ಹಂತಕ್ಕೆ ಬರುತ್ತವೆ. ಲೀನ್ಸ್ಟರ್ ಪ್ರಾಂತ್ಯದಿಂದ ಆರಂಭಿಸೋಣ. ಡಬ್ಲಿನ್ ಅಲ್ಲಿ ಸತತ ಹದಿನಾಲ್ಕು ವರ್ಷ ಚಾಂಪಿಯನ್ ಆಗಿತ್ತು. ಉಳಿದ ಕೌಂಟಿಗಳು ಎರಡನೆಯ ಸ್ಥಾನಕ್ಕಾಗಿ ಆಡುತ್ತಿದ್ದವು ಎಂದರೂ ತಪ್ಪಾಗದು. ಏಪ್ರಿಲ್ 27ರಂದು ಪೋರ್ಟ್‌ಲೀಷ್‌ನಲ್ಲಿ ನಡೆದ ಪ್ರಾಂತೀಯ ಸೆಮಿಫೈನಲ್‌ನಲ್ಲಿ ಮೀದ್ ತಂಡವು ಡಬ್ಲಿನ್ ತಂಡವನ್ನು 0-23, 1-16ರಿಂದ ಸೋಲಿಸಿತು. ಚಾಂಪಿಯನ್‌ಷಿಪ್‌ನಲ್ಲಿ ಮೀದ್ ಡಬ್ಲಿನ್‌ ವಿರುದ್ಧ ಗೆದ್ದದ್ದು 2010ರ ನಂತರ ಅದೇ ಮೊದಲು. ಆ ಮೀದ್ ತಂಡವನ್ನು ಮೇ 11ರಂದು ಡಬ್ಲಿನ್‌ನ ಕ್ರೋಕ್ ಪಾರ್ಕ್ ಕ್ರೀಡಾಂಗಣದಲ್ಲಿ 65 ಸಾವಿರಕ್ಕೂ ಹೆಚ್ಚು ಪ್ರೇಕ್ಷಕರೆದುರು ಲೌತ್ ತಂಡವು 3-14, 1-18ರಿಂದ ಮಣಿಸಿತು. ಲೌತ್ ಪ್ರಾಂತೀಯ ಪ್ರಶಸ್ತಿ ಗೆದ್ದದ್ದು 1957ರ ನಂತರ, ಅಂದರೆ 68 ವರ್ಷಗಳ ಬಳಿಕ. ಇದರ ಹಿಂದೆ ಇನ್ನೊಂದು ನೋವೂ ಇತ್ತು. 2010ರ ಲೀನ್ಸ್ಟರ್ ಫೈನಲ್‌ನಲ್ಲಿ ಇದೇ ಮೀದ್ ತಂಡಕ್ಕೆ ಕೊನೆಯ ಗಳಿಗೆಯಲ್ಲಿ ನಿಯಮಬಾಹಿರ ಗೋಲೊಂದನ್ನು ರೆಫರಿ ಮಂಜೂರು ಮಾಡಿದ್ದರಿಂದ ಲೌತ್ ಗೆಲ್ಲಬೇಕಿದ್ದ ಪ್ರಶಸ್ತಿಯನ್ನು ಕಳೆದುಕೊಂಡಿತ್ತು. ಐರ್ಲೆಂಡಿನ ಚಿಕ್ಕ ಕೌಂಟಿಗಳಲ್ಲೊಂದಾದ ಲೌತ್‌ನ ಜನ ಆ ದಿನವನ್ನು ಮರೆತಿರಲಿಲ್ಲ. ಅಖಿಲ ಐರ್ಲೆಂಡ್ ಫೈನಲ್ ಏನೇ ಇರಲಿ, ಈ ಋತುವಿನ ಅತ್ಯಂತ ಸಂತೋಷದ ಪಂದ್ಯ ಇದೇ ಎಂದು ನಾವು ಹೇಳುತ್ತೇವೆ.

ಉತ್ತರದ ಅಲ್ಸ್ಟರ್ ಪ್ರಾಂತ್ಯದಲ್ಲಿ ಡೊನೆಗಾಲ್ ತಂಡವು ಹಿಂದಿನ ವರ್ಷದ ಅಖಿಲ ಐರ್ಲೆಂಡ್ ಚಾಂಪಿಯನ್ ಆರ್ಮಾ ತಂಡವನ್ನು ಹೆಚ್ಚುವರಿ ಸಮಯದಲ್ಲಿ 2-23, 0-28ರಿಂದ, ಒಂದೇ ಒಂದು ಅಂಕದ ಅಂತರದಲ್ಲಿ ಸೋಲಿಸಿತು. ಪಶ್ಚಿಮದ ಕನಾಟ್‌ನಲ್ಲಿ ಗಾಲ್ವೇ ತಂಡವು ಮೇಯೋ ತಂಡವನ್ನು ಎರಡು ಅಂಕಗಳಿಂದ ಹಿಂದಿಕ್ಕಿತು. ಮನ್ಸ್ಟರ್‌ನಲ್ಲಿ ಎಂದಿನಂತೆ ಕೆರಿ. ಆದರೆ ಅಲ್ಲೂ ಸೆಮಿಫೈನಲ್‌ನಲ್ಲಿ ಕಾರ್ಕ್ ತಂಡವು ಅವರನ್ನು ಹೆಚ್ಚುವರಿ ಸಮಯದವರೆಗೆ ಎಳೆದೊಯ್ದಿತ್ತು.

ಬಳಿಕ ಹದಿನಾರು ತಂಡಗಳ ಗುಂಪು ಹಂತ. ಅಲ್ಲಿ ಜೂನ್ ಮಧ್ಯದಲ್ಲಿ ಟಲ್ಲಮೋರ್‌ನಲ್ಲಿ ಮೀದ್ ತಂಡವು ಕೆರಿಯನ್ನು 1-22, 0-16ರಿಂದ, ಒಂಬತ್ತು ಅಂಕಗಳಿಂದ ಸೋಲಿಸಿತು. ಕೆರಿಯ ಹಲವು ಆಟಗಾರರು ಗಾಯಗೊಂಡಿದ್ದರು ಎಂಬುದು ನಿಜ; ಆದರೂ ಆ ಸಂಜೆ ಕೆರಿಯೇ ಚಾಂಪಿಯನ್ ಆಗುವುದೆಂದು ಪಣ ಕಟ್ಟುವವರು ಹೆಚ್ಚು ಮಂದಿ ಇರಲಿಲ್ಲ. ಗುಂಪಿನಲ್ಲಿ ಎರಡನೆಯ ಸ್ಥಾನಕ್ಕೆ ಇಳಿದ ಕಾರಣ ಅದು ನೇರವಾಗಿ ಕ್ವಾರ್ಟರ್ ಫೈನಲ್‌ಗೆ ಹೋಗದೆ, ಒಂದು ಹೆಚ್ಚುವರಿ ಪಂದ್ಯದಲ್ಲಿ ಕ್ಯಾವನ್ ತಂಡವನ್ನು ಸೋಲಿಸಿ ಬರಬೇಕಾಯಿತು. ಡೊನೆಗಾಲ್ ಕೂಡ ಗುಂಪಿನಲ್ಲಿ ಟೈರೋನ್‌ಗೆ ಸೋತು ಅದೇ ಬಳಸುದಾರಿ ಹಿಡಿಯಿತು. ಹೀಗೆ ನೇರ ಪ್ರವೇಶ ಪಡೆದ ಮೀದ್, ಆರ್ಮಾ, ಮೊನಹನ್, ಟೈರೋನ್ ಎಂಬ ನಾಲ್ಕು ತಂಡಗಳಲ್ಲಿ ಒಂದೂ ಫೈನಲ್ ತಲುಪಲಿಲ್ಲ. ಬಳಸಿ ಬಂದ ಎರಡು ತಂಡಗಳು ತಲುಪಿದವು.

ಹೊಸ ನಿಯಮಗಳ ಶಕ್ತಿ ಅತ್ಯಂತ ಸ್ಪಷ್ಟವಾಗಿ ಕಂಡದ್ದು ಜೂನ್ 29ರ ಕ್ವಾರ್ಟರ್ ಫೈನಲ್‌ನಲ್ಲಿ. ಕೆರಿ ಎದುರು ಹಾಲಿ ಚಾಂಪಿಯನ್ ಆರ್ಮಾ ಸರಿಸಮನಾಗಿ ಹೋರಾಡುತ್ತಿತ್ತು. ದ್ವಿತೀಯಾರ್ಧದ ಸುಮಾರು ಕಾಲು ಗಂಟೆಯಲ್ಲಿ ಕೆರಿ ಸತತವಾಗಿ ಹದಿನಾಲ್ಕು ಅಂಕ ಗಳಿಸಿತು, ಆರ್ಮಾ ಒಂದನ್ನೂ ಗಳಿಸಲಿಲ್ಲ. ಪ್ರತಿ ಅಂಕದ ಬಳಿಕ ಆರ್ಮಾದ ಗೋಲಿ ಚೆಂಡನ್ನು ದೂರಕ್ಕೆ ಒದೆಯಬೇಕು, ಕೆರಿಯವರು ಅದನ್ನು ಮಧ್ಯದಲ್ಲೇ ಕಸಿದು ಮತ್ತೆ ದಾಳಿ ಮಾಡಬೇಕು, ಇದೇ ನಡೆಯಿತು. ಹಳೆಯ ನಿಯಮದಡಿ ಗೋಲಿ ಪಕ್ಕದವನಿಗೆ ಚೆಂಡು ಕೊಟ್ಟು ಬಿರುಗಾಳಿ ತಗ್ಗುವವರೆಗೆ ಆಟವನ್ನು ನಿಧಾನಗೊಳಿಸಬಹುದಿತ್ತು. ಈಗ ತಪ್ಪಿಸಿಕೊಳ್ಳಲು ಆ ಹಿಂಬಾಗಿಲಿಲ್ಲ. ಪಂದ್ಯ 0-32, 1-21ಕ್ಕೆ ಮುಗಿಯಿತು. ಶಾನ್ ಓ'ಶೇ ಒಬ್ಬರೇ ಹನ್ನೆರಡು ಅಂಕ ಗಳಿಸಿದರು. ಅದೇ ದಿನ ಮೀದ್ ತಂಡವು ಗಾಲ್ವೇಯನ್ನು 2-16, 2-15ರಿಂದ ಹೊರಹಾಕಿತು. ಹಿಂದಿನ ದಿನ ಟೈರೋನ್ ಡಬ್ಲಿನ್ ತಂಡವನ್ನು ಮನೆಗೆ ಕಳಿಸಿತ್ತು, ಡೊನೆಗಾಲ್ ಮೊನಹನ್ ಎದುರು ಹಿಂದೆ ಬಿದ್ದು ಚೇತರಿಸಿಕೊಂಡು ಗೆದ್ದಿತ್ತು.

ಆದ್ದರಿಂದ ನಿಮ್ಮ ಪ್ರಶ್ನೆಗೆ ಉತ್ತರ ಹೀಗಿದೆ: ನಿಯಮಗಳು ಬಲಾಬಲವನ್ನು ಸಮಗೊಳಿಸಲಿಲ್ಲ, ಸಮಗೊಳಿಸುವುದು ಅವುಗಳ ಉದ್ದೇಶವೂ ಆಗಿರಲಿಲ್ಲ. ಬಲಹೀನ ತಂಡ ಗೋಡೆ ಕಟ್ಟಿ ಸೋಲಿನ ಅಂತರವನ್ನು ಮರೆಮಾಚುವ ದಾರಿಯನ್ನು ಅವು ಮುಚ್ಚಿದವು. ಎತ್ತರದ ಚೆಂಡು ಹಿಡಿಯುವ, ದೂರದಿಂದ ನೇರವಾಗಿ ಒದೆಯುವ ಹಳೆಯ ಕೌಶಲಗಳಿಗೆ ಬೆಲೆ ಹೆಚ್ಚಿಸಿದವು. ಆ ಕೌಶಲಗಳನ್ನು ತಲೆಮಾರುಗಳಿಂದ ಪೋಷಿಸಿಕೊಂಡು ಬಂದದ್ದು ಕೆರಿ. ಹಳೆಯ ದಿಗ್ಗಜ ಗೆದ್ದದ್ದು ನಿಯಮಗಳ ಹೊರತಾಗಿಯೂ ಅಲ್ಲ, ನಿಯಮಗಳ ದೆಸೆಯಿಂದಲೇ.

ಪ್ರಶ್ನೆ: ಫೈನಲ್ ಏಕಪಕ್ಷೀಯವಾಗಿತ್ತೆಂದು ಕೇಳಿದೆ. ಅಷ್ಟು ದೂರ ಬಂದ ಡೊನೆಗಾಲ್ ಏಕೆ ಕುಸಿಯಿತು? (ಮಂಗಳೂರಿನ ಓದುಗರು)

ಉತ್ತರ: ಸೆಮಿಫೈನಲ್‌ನಲ್ಲಿ ಮೀದ್ ತಂಡವನ್ನು 3-26, 0-15ರಿಂದ ನೆಲಕಚ್ಚಿಸಿದ ಡೊನೆಗಾಲ್ ಮೇಲೆ ನಿರೀಕ್ಷೆ ದೊಡ್ಡದಿತ್ತು. 2011ರ ಆ ಗೋಡೆಯನ್ನು ಕಟ್ಟಿದ ಜಿಮ್ ಮಗಿನಿಸ್ ಅವರೇ ಮತ್ತೆ ತರಬೇತುದಾರರಾಗಿ ಬಂದಿದ್ದರು. 2012ರಲ್ಲಿ ಕಪ್ಪು ಎತ್ತಿದ ನಾಯಕ ಮೈಕಲ್ ಮರ್ಫಿ ನಿವೃತ್ತಿಯಿಂದ ಮರಳಿದ್ದರು. ಇವೆರಡು ತಂಡಗಳು ಇದಕ್ಕೆ ಮೊದಲು ಫೈನಲ್‌ನಲ್ಲಿ ಎದುರಾದದ್ದು 2014ರಲ್ಲಿ. ಆಗಲೂ ಕೆರಿಯೇ ಗೆದ್ದಿತ್ತು.

ಜುಲೈ 27ರಂದು ಕ್ರೋಕ್ ಪಾರ್ಕ್ ಭರ್ತಿಯಾಗಿತ್ತು. ಕೆರಿ ಆರಂಭದಿಂದಲೇ ಮೇಲುಗೈ ಪಡೆಯಿತು. ಡೊನೆಗಾಲ್ ತನ್ನ ರಕ್ಷಕರನ್ನು ಒಬ್ಬೊಬ್ಬ ಎದುರಾಳಿಯ ಬೆನ್ನಿಗೆ ಅಂಟಿಸುವ ಬದಲು ಗೋಲಿನ ಮುಂದಿನ ಪ್ರದೇಶವನ್ನು ಕಾಯುವ ಕ್ರಮವನ್ನು ಆರಿಸಿಕೊಂಡಿತ್ತು. ಹತ್ತಿರದ ಹೊಡೆತಗಳನ್ನು ತಡೆಯಲು ಇದು ಒಳ್ಳೆಯದೇ. ಆದರೆ ಹೊರಗಿನಿಂದ ಒದ್ದರೂ ಎರಡು ಅಂಕ ಸಿಗುವ ಕಾಲದಲ್ಲಿ ಕೆರಿಯ ಒದೆಗಾರರಿಗೆ ಅಷ್ಟು ಜಾಗ ಬಿಡುವುದು ದುಬಾರಿಯಾಯಿತು. ಅರ್ಧ ವಿರಾಮಕ್ಕೆ ಮುನ್ನಿನ ಕೊನೆಯ ಕ್ಷಣದಲ್ಲಿ ಡೇವಿಡ್ ಕ್ಲಿಫರ್ಡ್ ಕಮಾನಿನಾಚೆಯಿಂದ ಒದ್ದು ಎರಡು ಅಂಕ ಸೇರಿಸಿದಾಗ ಕೆರಿ 0-17, 0-10ರಿಂದ ಮುಂದಿತ್ತು. ದ್ವಿತೀಯಾರ್ಧದಲ್ಲಿ ಡೊನೆಗಾಲ್ ಅಂತರವನ್ನು ಒಂದಿಷ್ಟು ತಗ್ಗಿಸಿದರೂ ಸಮಕ್ಕೆ ಬರಲಾಗಲಿಲ್ಲ. ಕೊನೆಯಲ್ಲಿ ಜೋ ಓ'ಕಾನರ್ ಹೊಡೆದ ಗೋಲು ಫಲಿತಾಂಶದ ಮೇಲೆ ಮುದ್ರೆ ಒತ್ತಿತು. ಕ್ಲಿಫರ್ಡ್ ಒಟ್ಟು ಒಂಬತ್ತು ಅಂಕ ಗಳಿಸಿದರು. ವರ್ಷಾಂತ್ಯದಲ್ಲಿ ಮೂರನೆಯ ಬಾರಿ ವರ್ಷದ ಆಟಗಾರ ಎನಿಸಿಕೊಂಡರು. ನಾಯಕ ಗ್ಯಾವಿನ್ ವೈಟ್ ಸ್ಯಾಮ್ ಮಗ್ವಾಯರ್ ಕಪ್ ಎತ್ತಿದರು. ತರಬೇತುದಾರ ಜ್ಯಾಕ್ ಓ'ಕಾನರ್ ಅವರಿಗೆ ಇದು ಐದನೆಯ ಅಖಿಲ ಐರ್ಲೆಂಡ್ ಪ್ರಶಸ್ತಿ.

ದಣಿವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅಲ್ಸ್ಟರ್‌ನ ಪ್ರಾಥಮಿಕ ಸುತ್ತಿನಿಂದ ಹಿಡಿದು ಡೊನೆಗಾಲ್‌ಗೆ ಇದು ಋತುವಿನ ಹನ್ನೊಂದನೆಯ ಚಾಂಪಿಯನ್‌ಷಿಪ್ ಪಂದ್ಯ, ಕೆರಿಗೆ ಒಂಬತ್ತನೆಯದು. ಸೋಲಿಗೆ ಅದೊಂದೇ ಕಾರಣವೆನ್ನುವುದು ಕೆರಿಯ ಆಟಕ್ಕೆ ಮಾಡುವ ಅನ್ಯಾಯ. ಆದರೂ ನಾಲ್ಕು ಪ್ರಾಂತ್ಯಗಳಲ್ಲಿ ಅಲ್ಸ್ಟರ್‌ನ ದಾರಿ ಅತಿ ಕಠಿಣ, ಮನ್ಸ್ಟರ್‌ನದು ಸುಲಭ ಎಂಬ ದೂರು ಹಳೆಯದು, ಮತ್ತು ಅದರಲ್ಲಿ ಹುರುಳಿದೆ.

ಪ್ರಶ್ನೆ: ಎಂಬತ್ತು ಸಾವಿರ ಜನ ನೋಡುವ ಆಟದ ಆಟಗಾರರಿಗೆ ಸಂಬಳವಿಲ್ಲ ಎನ್ನುವುದು ನಿಜವೇ? (ಧಾರವಾಡದ ಓದುಗರು)

ಉತ್ತರ: ನಿಜ. ಪ್ರಯಾಣ ಮುಂತಾದ ಖರ್ಚುಗಳಿಗೆ ಭತ್ಯೆಯಿದೆ, ಸಂಬಳವಿಲ್ಲ. ಡೇವಿಡ್ ಕ್ಲಿಫರ್ಡ್ ವೃತ್ತಿಯಿಂದ ಶಾಲಾ ಶಿಕ್ಷಕರು. ಆಟಗಾರನು ಮೊದಲು ತನ್ನ ಊರಿನ ಕ್ಲಬ್ಬಿಗೆ ಸೇರಿದವನು. ಆ ಕ್ಲಬ್ಬು ಸಾಮಾನ್ಯವಾಗಿ ಚರ್ಚಿನ ಪ್ಯಾರಿಷ್ ಎಂಬ ಚಿಕ್ಕ ವಲಯಕ್ಕೆ ಸೇರಿರುತ್ತದೆ. ಅಲ್ಲಿ ಚೆನ್ನಾಗಿ ಆಡಿದವನನ್ನು ಕೌಂಟಿ ತಂಡಕ್ಕೆ ಆರಿಸುತ್ತಾರೆ. ನಮ್ಮ ರಣಜಿ ಕ್ರಿಕೆಟ್‌ನಲ್ಲಿ ಆಟಗಾರರು ಅವಕಾಶ ಹುಡುಕಿ ಬೇರೆ ರಾಜ್ಯದ ಪರ ಆಡುವುದುಂಟು. ಅಲ್ಲಿ ಹಣ ಕೊಟ್ಟು ಆಟಗಾರನನ್ನು ಕೊಳ್ಳುವ ಮಾರುಕಟ್ಟೆಯೇ ಇಲ್ಲ, ಕೌಂಟಿ ಬದಲಿಸುವವರೂ ವಿರಳ. ಇದರ ಇನ್ನೊಂದು ಮುಖವೂ ಇದೆ. 2022ರ ಜನಗಣತಿಯಂತೆ ಡಬ್ಲಿನ್ ಕೌಂಟಿಯ ಜನಸಂಖ್ಯೆ ಹದಿನಾಲ್ಕೂವರೆ ಲಕ್ಷ, ಲೀಟ್ರಿಮ್ ಕೌಂಟಿಯದು 35 ಸಾವಿರದಷ್ಟು. ಎರಡೂ ಒಂದೇ ಕಪ್ಪಿಗಾಗಿ, ತಮ್ಮ ನೆಲದ ಮಕ್ಕಳನ್ನೇ ನಂಬಿ ಆಡುತ್ತವೆ. ಸಂಬಳವಿಲ್ಲದಿದ್ದರೂ ಆಟಗಾರರಿಂದ ಕೇಳುವ ತರಬೇತಿ ವೃತ್ತಿಪರರದ್ದಕ್ಕೆ ಕಡಿಮೆಯಿಲ್ಲ. ಕೆಲಸ ಮುಗಿಸಿ ರಾತ್ರಿ ದೂರದ ಮೈದಾನಕ್ಕೆ ಕಾರು ಓಡಿಸಿಕೊಂಡು ಹೋಗುವ ಈ ವ್ಯವಸ್ಥೆ ಎಷ್ಟು ಕಾಲ ಹೀಗೆ ನಡೆಯಬಹುದು ಎಂಬ ಚರ್ಚೆ ಅಲ್ಲಿ ನಿಂತಿಲ್ಲ.

ಪ್ರಶ್ನೆ: ಆರ್ಮಾ, ಟೈರೋನ್‌ಗಳು ಬ್ರಿಟನ್ನಿನ ಆಡಳಿತದಲ್ಲಿರುವ ಉತ್ತರ ಐರ್ಲೆಂಡಿನಲ್ಲಿವೆ. ಅವು ಈ ಚಾಂಪಿಯನ್‌ಷಿಪ್‌ನಲ್ಲಿ ಆಡುವುದು ಹೇಗೆ? (ಕಾರ್ಕ್‌ನಲ್ಲಿ ದಾದಿಯಾಗಿರುವ ಓದುಗರು)

ಉತ್ತರ: ಜಿಎಎ ಹುಟ್ಟಿದ್ದು 1884ರ ನವೆಂಬರ್ 1ರಂದು, ಟಿಪರೇರಿ ಕೌಂಟಿಯ ಥರ್ಲ್ಸ್ ಪಟ್ಟಣದ ಹೋಟೆಲೊಂದರಲ್ಲಿ. ಮೊದಲ ಚಾಂಪಿಯನ್‌ಷಿಪ್ 1887ರದು, ಗೆದ್ದದ್ದು ಲಿಮರಿಕ್. ದೇಶ ವಿಭಜನೆಯಾದದ್ದು ಅದಾದ ಮೂರು ದಶಕಗಳ ಮೇಲೆ. ರಾಜಕೀಯ ಗಡಿ ಬಂದರೂ ಆಟದ ನಕ್ಷೆ ಬದಲಾಗಲಿಲ್ಲ, 32 ಕೌಂಟಿಗಳೂ ಒಂದೇ ಸಂಸ್ಥೆಯಲ್ಲಿ ಉಳಿದವು. ಅಲ್ಸ್ಟರ್ ಪ್ರಾಂತ್ಯದ ಒಂಬತ್ತು ಕೌಂಟಿಗಳಲ್ಲಿ ಆರ್ಮಾ, ಟೈರೋನ್, ಡೆರಿ, ಡೌನ್, ಆಂಟ್ರಿಮ್, ಫರ್ಮಾನಾ ಗಡಿಯ ಆಚೆ ಇವೆ. ಡೊನೆಗಾಲ್, ಕ್ಯಾವನ್, ಮೊನಹನ್ ಗಣರಾಜ್ಯದಲ್ಲಿವೆ. ಕಪ್ಪನ್ನು ಮೊದಲ ಬಾರಿಗೆ ಗಡಿ ದಾಟಿಸಿದ್ದು 1960ರಲ್ಲಿ ಡೌನ್. ಅಷ್ಟೇ ಅಲ್ಲ, ವಲಸೆ ಹೋದ ಐರಿಷರ ಲಂಡನ್ ಮತ್ತು ನ್ಯೂಯಾರ್ಕ್ ತಂಡಗಳೂ ಕನಾಟ್ ಪ್ರಾಂತ್ಯದಲ್ಲಿ ಆಡುತ್ತವೆ. ಕೋಲಿನಿಂದ ಚೆಂಡು ಹೊಡೆಯುವ ಹರ್ಲಿಂಗ್ ಆಟದಲ್ಲೇ ಮುಳುಗಿರುವ ಕಿಲ್ಕೆನಿ ಕೌಂಟಿ ಮಾತ್ರ ಈ ಸೀನಿಯರ್ ಫುಟ್‌ಬಾಲ್ ಕಣಕ್ಕೆ ಇಳಿಯುವುದಿಲ್ಲ.

ಫೈನಲ್ ನಡೆಯುವ ಕ್ರೋಕ್ ಪಾರ್ಕ್‌ಗೆ ಈ ರಾಜಕೀಯ ಇತಿಹಾಸದಲ್ಲಿ ಪಾಲಿದೆ. 1920ರ ನವೆಂಬರ್ 21ರಂದು ಅಲ್ಲಿ ಡಬ್ಲಿನ್ ಮತ್ತು ಟಿಪರೇರಿ ಪಂದ್ಯ ನಡೆಯುತ್ತಿದ್ದಾಗ ಬ್ರಿಟಿಷ್ ಪಡೆಗಳು ಗುಂಡು ಹಾರಿಸಿ ಹದಿನಾಲ್ಕು ಮಂದಿಯನ್ನು ಕೊಂದವು. ಸತ್ತವರಲ್ಲಿ ಟಿಪರೇರಿಯ ಆಟಗಾರ ಮೈಕಲ್ ಹೋಗನ್ ಒಬ್ಬರು. ಚಾಂಪಿಯನ್ ನಾಯಕ ಕಪ್ಪು ಎತ್ತುವ ಹೋಗನ್ ಸ್ಟ್ಯಾಂಡ್‌ಗೆ ಅವರ ಹೆಸರೇ ಇದೆ.

ಪ್ರಶ್ನೆ: ನನ್ನ ಮಗಳು ಇಲ್ಲಿನ ಬಡಾವಣೆಯ ಕ್ಲಬ್ಬಿನಲ್ಲಿ ಆಡುತ್ತಾಳೆ. ಹೆಣ್ಣುಮಕ್ಕಳಿಗೂ ಇಂಥ ಚಾಂಪಿಯನ್‌ಷಿಪ್ ಇದೆಯೇ? (ಗಾಲ್ವೇಯ ಓದುಗರು)

ಉತ್ತರ: ಇದೆ. ಮಹಿಳೆಯರ ಗೇಲಿಕ್ ಫುಟ್‌ಬಾಲ್ ಸಂಸ್ಥೆ 1974ರಲ್ಲಿ ಸ್ಥಾಪನೆಯಾಯಿತು. 2025ರ ಆಗಸ್ಟ್ 3ರಂದು ಕ್ರೋಕ್ ಪಾರ್ಕ್‌ನಲ್ಲಿ ನಡೆದ ಫೈನಲ್‌ನಲ್ಲಿ ಡಬ್ಲಿನ್ ಮಹಿಳೆಯರು ಮೀದ್ ತಂಡವನ್ನು 2-16, 0-10ರಿಂದ ಸೋಲಿಸಿದರು. ಮೇಲೆ ಹೇಳಿದ ಹೊಸ ನಿಯಮಗಳು ಪುರುಷರ ಆಟಕ್ಕೆ ಸಂಬಂಧಿಸಿದವು. ಹೆಣ್ಣುಮಕ್ಕಳ ಆಟದಲ್ಲಿ ನೆಲದ ಮೇಲಿನ ಚೆಂಡನ್ನು ನೇರವಾಗಿ ಕೈಯಿಂದ ಎತ್ತಿಕೊಳ್ಳಬಹುದು. ಗಂಡುಮಕ್ಕಳು ಮೊದಲು ಕಾಲಿನಿಂದ ಎತ್ತಿಕೊಳ್ಳಬೇಕು. ಮಗಳ ಪಂದ್ಯ ನೋಡುವಾಗ ಈ ವ್ಯತ್ಯಾಸ ನೆನಪಿರಲಿ, ಇಲ್ಲವಾದರೆ ಪಕ್ಕದಲ್ಲಿ ನಿಂತ ತಂದೆತಾಯಿಯರೊಂದಿಗೆ ಅನಗತ್ಯ ವಾದವಾದೀತು.

ಪ್ರಶ್ನೆ: ಮೇಯೋ ತಂಡಕ್ಕೆ ಶಾಪವಿದೆಯಂತೆ, ಹೌದೇ? (ಮೈಸೂರಿನ ಓದುಗರು)

ಉತ್ತರ: 1951ರಲ್ಲಿ ಗೆದ್ದು ಬರುತ್ತಿದ್ದ ಮೇಯೋ ಆಟಗಾರರು ದಾರಿಯಲ್ಲಿ ಶವಯಾತ್ರೆಯೊಂದಕ್ಕೆ ಗೌರವ ತೋರದೆ ಹೋದರೆಂದೂ, ಪಾದ್ರಿಯೊಬ್ಬರು ಶಪಿಸಿದರೆಂದೂ ಕಥೆ. ಆ ಕಾಲದ ದಾಖಲೆಗಳಲ್ಲಿ ಇದಕ್ಕೆ ಆಧಾರವಿಲ್ಲ. ಆಧಾರವಿರುವುದು ಸೋಲುಗಳಿಗೆ: 1989ರಿಂದ 2021ರವರೆಗೆ ಹನ್ನೊಂದು ಫೈನಲ್‌ಗಳಲ್ಲಿ ಸೋತಿದೆ. 2025ರಲ್ಲಂತೂ ಶಾಪದ ನೆರವು ಬೇಕಿರಲಿಲ್ಲ. ಸ್ವಂತ ಮೈದಾನದಲ್ಲಿ ಕ್ಯಾವನ್‌ಗೆ ಸೋತದ್ದು ಸಾಕಾಯಿತು. ಟೈರೋನ್‌ ವಿರುದ್ಧ ಗೆದ್ದರೂ ಗುಂಪು ಹಂತ ದಾಟಲಿಲ್ಲ.

ಪ್ರಶ್ನೆ: ಮುಂದಿನ ಋತುಗಳೂ ಇದೇ ಮಾದರಿಯಲ್ಲಿ ನಡೆಯುತ್ತವೆಯೇ? ಭಾರತದಿಂದ ನೋಡಲು ದಾರಿಯಿದೆಯೇ? (ಹುಬ್ಬಳ್ಳಿಯ ಓದುಗರು)

ಉತ್ತರ: ಆಟದ ನಿಯಮಗಳು ಉಳಿಯುತ್ತವೆ, ಪಂದ್ಯಾವಳಿಯ ರಚನೆ ಬದಲಾಗುತ್ತದೆ. ಹದಿನಾರು ತಂಡಗಳು ಗುಂಪು ಹಂತದಲ್ಲಿ ಇಪ್ಪತ್ತನಾಲ್ಕು ಪಂದ್ಯಗಳನ್ನಾಡಿ ಹೊರಹಾಕುತ್ತಿದ್ದುದು ನಾಲ್ಕೇ ತಂಡಗಳನ್ನು. ಇಷ್ಟು ಶ್ರಮಕ್ಕೆ ಇಷ್ಟು ಕಡಿಮೆ ಪಣವೇ ಎಂಬ ಆಕ್ಷೇಪ ಮೊದಲಿನಿಂದಲೂ ಇತ್ತು, ಮತ್ತು ಅದು ನ್ಯಾಯವಾದದ್ದೇ. 2026ರಿಂದ ಗುಂಪುಗಳಿಲ್ಲ. ಹದಿನಾರು ತಂಡಗಳು ಮೊದಲ ಸುತ್ತಿನಲ್ಲಿ ಎಂಟು ಪಂದ್ಯಗಳನ್ನಾಡುತ್ತವೆ. ಗೆದ್ದವರು ಗೆದ್ದವರೊಂದಿಗೆ, ಸೋತವರು ಸೋತವರೊಂದಿಗೆ ಸೆಣಸುತ್ತಾರೆ. ಎರಡು ಬಾರಿ ಗೆದ್ದವರು ನೇರವಾಗಿ ಕ್ವಾರ್ಟರ್ ಫೈನಲ್‌ಗೆ ಹೋಗುತ್ತಾರೆ, ಎರಡು ಬಾರಿ ಸೋತವರು ಹೊರಬೀಳುತ್ತಾರೆ, ಒಂದು ಗೆದ್ದು ಒಂದು ಸೋತವರು ಮೂರನೆಯ ಸುತ್ತಿನಲ್ಲಿ ಉಳಿದ ಸ್ಥಾನಗಳಿಗಾಗಿ ಆಡುತ್ತಾರೆ. ಕೆರಿಯಂತೆ ನಡುವೆ ಒಮ್ಮೆ ಎಡವಿ ಎದ್ದುಬರುವ ಅವಕಾಶ ಇದರಲ್ಲೂ ಇದೆ. ನೋಡಲು ಜಿಎಎ ಪ್ಲಸ್ ಎಂಬ ಅಧಿಕೃತ ಚಂದಾ ಸೇವೆಯಿದೆ, 2025ರಲ್ಲಿ ಆರಂಭವಾದದ್ದು. ಬೇಸಿಗೆಯಲ್ಲಿ ಐರ್ಲೆಂಡಿನ ಗಡಿಯಾರ ನಮಗಿಂತ ನಾಲ್ಕೂವರೆ ಗಂಟೆ ಹಿಂದಿರುವುದರಿಂದ ಅಲ್ಲಿನ ಮಧ್ಯಾಹ್ನದ ಪಂದ್ಯಗಳು ಇಲ್ಲಿ ರಾತ್ರಿ ಊಟದ ಹೊತ್ತಿಗೆ ಬರುತ್ತವೆ.